ಕ್ಯಾಂಟನ್ನಿನ ಗದ್ದೆಗೆ ಮದ್ದು ಹೊಡೆಯಲು ಹೋದದ್ದು

ಚೀನಾಕ್ಕೆ ಹೋಗಿ ಬಂದವಳು ಎಂದು ಗೊತ್ತಾದರೆ ಸಾಕು, ಜನ ಮೊದಲು ಕೇಳುವುದು ಆ ದೊಡ್ಡ ಗೋಡೆಯ ವಿಷಯ. ನಾನು ಗೋಡೆ ನೋಡಲಿಲ್ಲ. ಅದು ಉತ್ತರದಲ್ಲಿದೆಯಂತೆ, ನಾವು ಇದ್ದದ್ದು ತೆಂಕಣ ತುದಿಯಲ್ಲಿ. ನಾನು ನೋಡಿದ್ದು ಒಂದು ಊರು, ಊರಾಚೆ ವಿಮಾನ ಇಳಿಯುವ ಒಂದು ಬಯಲು, ಅದರ ಸುತ್ತ ಒಂದಷ್ಟು ಗದ್ದೆ, ಮತ್ತು ಲಿನ್ ಎಂಬ ಒಬ್ಬಳು ಹೆಂಗಸು. ಹೋದದ್ದು ವ್ಯಾಪಾರಕ್ಕೆ. ವ್ಯಾಪಾರ ಆಗಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಗೆದ್ದು ಬಂದವರ ಕಥೆ ಎಂದುಕೊಂಡು ಯಾರೂ ಓದಬಾರದು.

ಮಡಿಕೇರಿ

ನನ್ನ ಅಣ್ಣ ಜೋಯಪ್ಪ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವನು. ಊರಿಗೆ ಮರಳಿದ ಮೇಲೆ ಮಡಿಕೇರಿಯ ಹೊರಗೆ ಮನೆಗೆ ಹೊಂದಿಕೊಂಡ ಹಳೆಯದೊಂದು ಕಾಫಿ ಗೋದಾಮಿನಲ್ಲಿ ವರ್ಕ್‌ಶಾಪ್ ಇಟ್ಟ. ಎಸ್ಟೇಟುಗಳ ಪಂಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುವುದು ಹೊಟ್ಟೆಪಾಡು. ಮನಸ್ಸು ಮಾತ್ರ ವಿಮಾನದಿಂದ ಇಳಿಯಲೇ ಇಲ್ಲ. ಆರು ವರ್ಷ ಕೂತು ಒಂದು ಯಂತ್ರ ಮಾಡಿದ. ಸಣ್ಣ ವಿಮಾನದ ಹೊಟ್ಟೆಯೊಳಗೆ ಮದ್ದಿನ ತೊಟ್ಟಿ, ರೆಕ್ಕೆಯ ಕೆಳಗೆ ಉದ್ದಕ್ಕೂ ತೂತಿನ ಕೊಳವೆ, ಗಾಳಿಗೆ ತಿರುಗಿ ಪಂಪು ನಡೆಸುವ ಒಂದು ಮರದ ಚಕ್ರ. ಹತ್ತು ಆಳು ದಿನವಿಡೀ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಹೊಡೆಯುವ ಮದ್ದನ್ನು ಇದು ಒಂದು ಉಸಿರಿನಲ್ಲಿ ಹೊಡೆಯಬೇಕು, ಅದು ಅವನ ಕನಸು.

ಗಂಡನನ್ನು ಕಳೆದುಕೊಂಡ ಮೇಲೆ ನಾನು ಮೈಸೂರಿನಲ್ಲಿ ಟೈಪಿಂಗು, ಶೀಘ್ರಲಿಪಿ ಕಲಿತು ಅಣ್ಣನ ವರ್ಕ್‌ಶಾಪಿನಲ್ಲಿ ಕಾಗದಪತ್ರ ನೋಡುತ್ತಿದ್ದೆ. ಯಂತ್ರದ ಮೊದಲ ಪರೀಕ್ಷೆಗೆ ಬೆಂಗಳೂರಿನಿಂದ ಒಂದು ಪುಟ್ಟ ವಿಮಾನ ತರಿಸಿದ್ದು ನಾನೇ. ಶ್ರೀಮಂಗಲದ ಹತ್ತಿರ ಒಬ್ಬ ಪ್ಲಾಂಟರ್ ತಮ್ಮ ಎಸ್ಟೇಟಿನ ಮೇಲೆ ಹಾರಿಸಲು ಒಪ್ಪಿದ್ದರು. ವಿಮಾನ ಬಂತು, ಬಿಳಿಯ ಮೋಡದ ಹಾಗೆ ಮದ್ದು ಬಿತ್ತು, ಹಣ್ಣು ಕೊಯ್ಯುವ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಪ್ಲಾಂಟರು ತೋಟದೊಳಗೆ ಹೋಗಿ ಒಂದು ಗಿಡದ ಎಲೆ ಕಿತ್ತು ತಂದು ಅಣ್ಣನ ಕೈಯಲ್ಲಿಟ್ಟರು. ಎಲೆಯ ಮೇಲೆ ತೇವವೇ ಇರಲಿಲ್ಲ.

"ಮರಕ್ಕೆ ಸ್ಪ್ರೇ ಮಾಡ್ದೆ ಮಾರಾಯ. ಕಾಫಿಗೆ ಒಂದು ಹನಿ ಬಿದ್ದಿಲ್ಲ."

ನೆರಳಿಗೆ ಬೆಳೆಸಿದ ಮರಗಳು ಎಲ್ಲ ಮದ್ದನ್ನೂ ತಮ್ಮ ತಲೆಯ ಮೇಲೆಯೇ ಇಟ್ಟುಕೊಂಡಿದ್ದವು. ಕೊಡಗಿನಲ್ಲಿ ಹುಟ್ಟಿ, ಕೊಡಗಿನ ತೋಟಕ್ಕೆಂದೇ ಮಾಡಿದ ಯಂತ್ರ ಕೊಡಗಿಗೆ ಮಾತ್ರ ಉಪಯೋಗವಿಲ್ಲ. ಅಣ್ಣ ಮೂರು ದಿನ ವರ್ಕ್‌ಶಾಪಿನ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ನಮ್ಮ ಅರೆಭಾಷೆಯಲ್ಲಿ ಕೇಳಿದ:

"ಮರ ಇಲ್ಲದ ಬಯಲು ಗದ್ದೆ ಎಲ್ಲಿ ಉಟ್ಟು ದೇವಕಿ?"

ಚೀನಾದಲ್ಲಿ ಇದೆ ಎಂದವಳು ನಾನು. ಆ ದೇಶದವರು ವಿಮಾನದಿಂದ ಮದ್ದು ಹೊಡೆಯಲು ಶುರುಮಾಡಿದ್ದಾರೆ, ಕ್ಯಾಂಟನ್ನಿನಲ್ಲಿ ಹೊರದೇಶದ ವ್ಯಾಪಾರಿಗಳನ್ನು ಕರೆಯುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಅಣ್ಣತಮ್ಮ ಎಂದು ಎರಡು ದೇಶಗಳೂ ಹಾಡಿಕೊಳ್ಳುತ್ತಿದ್ದ ಕಾಲ ಮುಗಿಯುತ್ತ ಬಂದಿತ್ತು, ಆದರೆ ಮಡಿಕೇರಿಗೆ ಅದು ಇನ್ನೂ ತಲುಪಿರಲಿಲ್ಲ. ಒಬ್ಬರೇ ಹೋದರೆ ಯಾರೂ ಬಾಗಿಲು ತೆರೆಯುವುದಿಲ್ಲ, ನಿಯೋಗವಾಗಿ ಬನ್ನಿ ಎಂದು ದೆಹಲಿಯಿಂದ ಉತ್ತರ ಬಂತು. ಸರಿ, ನಿಯೋಗ ಕಟ್ಟಲು ಹೊರಟೆ. ಬೆಂಗಳೂರಿನಲ್ಲಿ ಮರದ ಪ್ರೊಪೆಲ್ಲರ್ ಮಾಡುವವರು, ಪ್ಯಾರಾಚೂಟ್ ಹೊಲಿಸುವವರು, ಮೈಸೂರಿನಲ್ಲಿ ವಿಮಾನದ ದಿಕ್ಸೂಚಿ ಮಾಡುವವರು, ನಾವು, ಹೀಗೆ ನಾಲ್ಕು ಸಣ್ಣ ಕಂಪನಿಗಳು. ಒಂದೂವರೆ ವರ್ಷ ಕಾಗದ ಬರೆದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮುಂಚೆ ಮಡಿಕೇರಿಯಲ್ಲೇ ಬೀಳುತ್ತಿದ್ದ ಸಹಿ ಈಗ ಬೆಂಗಳೂರಿನಲ್ಲಿ ಬೀಳಬೇಕು, ಬೆಂಗಳೂರಿನವರಿಗೆ ನಮ್ಮ ಫೈಲು ಯಾವ ಕಪಾಟಿಗೆ ಸೇರಿದ್ದೆಂದು ಗೊತ್ತಿಲ್ಲ.

ಹಡಗಿಗೆ ಇನ್ನು ಎರಡು ವಾರ ಎನ್ನುವಾಗ ಪ್ರೊಪೆಲ್ಲರಿನವರು ಊರಲ್ಲೇ ಕೆಲಸ ಸಿಕ್ಕಿತೆಂದು ಹಿಂದೆ ಸರಿದರು. ಪ್ಯಾರಾಚೂಟಿನವರ ಮನೆಯಲ್ಲಿ ಜಾತಕ ನೋಡಿ, ಸಮುದ್ರ ದಾಟಬಾರದು ಎಂದರಂತೆ. ಉಳಿದವರು ಅಣ್ಣ, ನಾನು, ದಿಕ್ಸೂಚಿಯ ಶಾಮರಾಯರು. ಶಾಮರಾಯರು ಮಡಿಕೇರಿಯ ಅರ್ಚಕರ ಮನೆತನದವರು, ಶಾಲೆಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ನಿವೃತ್ತರಾದ ಮೇಲೆ ಮೈಸೂರಿನಲ್ಲಿ ಸೂಜಿ, ಆಯಸ್ಕಾಂತ ಹಿಡಿದು ಕೂತಿದ್ದರು.

"ಮೂವರು ಹೋದರೆ ನಿಯೋಗವೋ ಅಲ್ಲವೋ ಮೇಷ್ಟ್ರೇ?" ಎಂದು ಕೇಳಿದೆ.

"ಮೂರು ಬಿಂದುವಿದ್ದರೆ ತ್ರಿಕೋನ ಆಗುತ್ತಮ್ಮ. ಅಷ್ಟು ಸಾಕು, ಹೊರಡು" ಎಂದರು.

ಸಮುದ್ರ

ಮದರಾಸಿನಿಂದ ಹತ್ತಿದೆವು, ಸಿಂಗಾಪುರದಲ್ಲಿ ಹಡಗು ಬದಲಿಸಿದೆವು. ಈ ಪ್ರಯಾಣದ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ದಾರಿಯ ಬಹುಪಾಲು ನಾನು ವಾಂತಿ ಮಾಡುತ್ತಿದ್ದೆ. ಮಡಿಕೇರಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಬೆಳೆದವಳಿಗೆ ಸಮುದ್ರ ಏನು ಮಹಾ ಎಂದುಕೊಂಡಿದ್ದೆ. ಘಾಟಿ ರಸ್ತೆಗೆ ಒಂದು ಕೊನೆ ಇರುತ್ತದೆ. ಶಾಮರಾಯರು ಡೆಕ್ಕಿನ ಮೂಲೆಯಲ್ಲಿ ಸ್ಟವ್ ಹಚ್ಚಿ ಅನ್ನ ಮಾಡಲು ಹೋಗಿ ನಾವಿಕರಿಂದ ಬೈಸಿಕೊಂಡರು. ಆಮೇಲೆ ಹಾಂಕಾಂಗಿನ ತನಕ ಮೊಸರಿಲ್ಲದ ಅವಲಕ್ಕಿ, ಉಪ್ಪಿನಕಾಯಿ. ಅತ್ತಿಗೆ ನನಗೆ ದೊಡ್ಡದೊಂದು ಬಿಸ್ಕತ್ತಿನ ಡಬ್ಬದಲ್ಲಿ ಹುರಿದ ಅಕ್ಕಿಹಿಟ್ಟು, ಬೆಲ್ಲ, ಒಂದು ಬಾಟಲಿ ಜೇನು ಕಟ್ಟಿಕೊಟ್ಟಿದ್ದಳು. ನನಗೆ ಅದನ್ನು ತೆರೆದು ನೋಡುವುದಕ್ಕೂ ಆಗಲಿಲ್ಲ.

ಹಾಂಕಾಂಗ್

ಇಲ್ಲಿ ನಾನು ಮಾಡಿದ ತಪ್ಪು ಬೆಳಕಿಗೆ ಬಂತು.

ಯಂತ್ರದ ಪೆಟ್ಟಿಗೆಗಳ ಮೇಲೆ ಅಂಟಿಸಿದ ಚೀಟಿಗಳನ್ನು ಟೈಪ್ ಮಾಡಿದವಳು ನಾನು. 'ಕೃಷಿ ಉಪಕರಣ' ಎಂದು ಹಾಕಬಹುದಿತ್ತು. ನನಗೆ ಜಂಬ. ಗುದ್ದಲಿ, ನೇಗಿಲು ಮಾರುವವರ ಸಾಲಿಗೆ ಅಣ್ಣನನ್ನು ಸೇರಿಸಲು ಮನಸ್ಸು ಬರಲಿಲ್ಲ. 'ವಿಮಾನದ ಭಾಗಗಳು' ಎಂದು ದಪ್ಪ ಅಕ್ಷರದಲ್ಲಿ ಹೊಡೆದಿದ್ದೆ. ಹಾಂಕಾಂಗ್ ಇಂಗ್ಲಿಷರ ಕೈಯಲ್ಲಿತ್ತು; ಅಲ್ಲಿಂದ ಕೆಂಪು ಚೀನಾಕ್ಕೆ ವಿಮಾನದ ಒಂದು ತಿರುಪೂ ಹೋಗಬಾರದು ಎಂದು ಅವರ ಕಾನೂನು. ಸುಂಕದ ಅಧಿಕಾರಿ ಚೀಟಿ ಓದಿ, ನಮ್ಮ ಮೂವರನ್ನೂ ಕೂರಿಸಿ, ಪೆಟ್ಟಿಗೆಗಳಿಗೆ ಮೊಹರು ಹಾಕಿಸಿದ.

ಎಂಟು ದಿನ ಆ ಕಚೇರಿಯ ಬೆಂಚು ಸವೆಸಿದೆವು. ಅಣ್ಣ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಕೊನೆಗೆ ಶಾಮರಾಯರು ಅಧಿಕಾರಿಯ ಮುಂದೆ ಒಂದು ಹಾಳೆಯ ಮೇಲೆ ಇಡೀ ಯಂತ್ರವನ್ನು ಬಿಡಿಸಿ, ಇದು ಹಾರುವುದಿಲ್ಲ, ಇದು ಹಾರುವುದಿಲ್ಲ ಎಂದು ಒಂದೊಂದೇ ಭಾಗಕ್ಕೆ ಬೆರಳಿಟ್ಟು, ಶಾಲೆಯ ಹುಡುಗನಿಗೆ ಹೇಳಿದ ಹಾಗೆ ಪಾಠ ಮಾಡಿದರು. ಅವನಿಗೆ ಬೇಸರವಾಗಿರಬೇಕು. ಎಲ್ಲವನ್ನೂ ಬಿಟ್ಟುಕೊಟ್ಟ, ಗಾಳಿಗೆ ತಿರುಗುವ ಮರದ ಚಕ್ರವೊಂದನ್ನು ಮಾತ್ರ ತಡೆದ. ಅದು ಪ್ರೊಪೆಲ್ಲರಿನ ಹಾಗೆ ಕಾಣುತ್ತದೆ, ಆದ್ದರಿಂದ ಅದು ವಿಮಾನದ ಭಾಗ ಎಂದ. ಆ ಚಕ್ರವಿಲ್ಲದೆ ಪಂಪು ತಿರುಗುವುದಿಲ್ಲ. ಜೀವವಿಲ್ಲದ ಯಂತ್ರ ಹೊತ್ತುಕೊಂಡು ನಾವು ರೈಲು ಹತ್ತಿದೆವು.

ಸೇತುವೆ

ರೈಲು ಗಡಿಯ ತನಕ ಮಾತ್ರ. ಅಲ್ಲಿಂದ ಒಂದು ಸೇತುವೆಯನ್ನು ನಡೆದು ದಾಟಬೇಕು. ಈ ಕಡೆ ಇಂಗ್ಲಿಷರ ಪೊಲೀಸು, ಆ ಕಡೆ ಹಸಿರು ಬಟ್ಟೆಯ ಸಿಪಾಯಿ. ನಮ್ಮ ಕೊಡಗಿನ ಕುಟ್ಟದ ಬಳಿ ಕೇರಳಕ್ಕೆ ಕಾಲಿಡುವಾಗ ಯಾರಾದರೂ ಎದೆ ಹಿಡಿದುಕೊಳ್ಳುತ್ತಾರೆಯೇ? ನಾನಂತೂ ಆ ಸೇತುವೆಯ ಮೇಲೆ ಹಿಡಿದುಕೊಂಡೆ.

ಆಚೆ ತುದಿಯಲ್ಲಿ ನೀಲಿ ಅಂಗಿ, ನೀಲಿ ಪೈಜಾಮದ ಒಬ್ಬಳು ನಿಂತಿದ್ದಳು. ನನ್ನದೇ ವಯಸ್ಸು, ಕಿವಿಯ ತನಕ ಕತ್ತರಿಸಿದ ಕೂದಲು. "ನಾನು ಲಿನ್. ನಿಮ್ಮ ದುಭಾಷಿ" ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈಯ ಚೀಲ ಹಿಡಿದಳು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದುಕೊಂಡು ನಡೆದೆವು. ಸೀರೆ ಉಟ್ಟು ಇಷ್ಟು ದೊಡ್ಡ ಹೆಜ್ಜೆ ಹೇಗೆ ಹಾಕುತ್ತೀರಿ ಎಂದು ಕೇಳಿದಳು. ನಮ್ಮ ಕಡೆ ಬೆಟ್ಟ ಹತ್ತುವವರು ಹೀಗೆಯೇ ಎಂದೆ.

ಕ್ಯಾಂಟನ್, ಮೊದಲ ದಿನಗಳು

ಬೆಳಗಾಗುವ ಮುಂಚೆ ಕಂಬದ ಮೇಲಿನ ಧ್ವನಿವರ್ಧಕ ಎಬ್ಬಿಸುತ್ತದೆ. ಬೀದಿಯ ತುಂಬ ಸೈಕಲ್ಲು. ಎಲ್ಲರೂ ಕುಡಿಯುವುದು ಬಿಸಿನೀರು, ನಮ್ಮಲ್ಲಿ ಬಾಣಂತಿಯರು ಕುಡಿಯುವ ಹಾಗೆ. ಪ್ರತಿ ಮೇಜಿನ ಮೇಲೂ ಫ್ಲಾಸ್ಕು. ಹಾಲು, ಸಕ್ಕರೆ ಯಾವುದೂ ಇಲ್ಲದ ಚಹ. ಕಾಫಿ ಎಂಬ ಪದಾರ್ಥವನ್ನು ವಿವರಿಸಲು ಹೋಗಿ ನಾನು ಸೋತೆ. "ಸುಟ್ಟ ಬೀಜದ ಕಷಾಯವೇ? ಯಾವ ರೋಗಕ್ಕೆ?" ಎಂದು ಲಿನ್ ಕೇಳಿದಳು. ಊಟಕ್ಕೆ ಕೊಟ್ಟ ಎರಡು ಕಡ್ಡಿಗಳನ್ನು ಅಣ್ಣ ಒಂದೇ ದಿನದಲ್ಲಿ ಪಳಗಿಸಿಕೊಂಡ, ಸಣ್ಣ ಸ್ಕ್ರೂ ಎತ್ತುವ ಕೈ ಅವನದು. ಶಾಮರಾಯರು ಮಾತ್ರ ದಿನಪತ್ರಿಕೆಯನ್ನು ಅಡ್ಡ ಹಿಡಿದು, ಅದರ ಹಿಂದೆ ಕೈಯಲ್ಲೇ ಉಣ್ಣುತ್ತಿದ್ದರು. ಓದಲು ಬಾರದ ಪತ್ರಿಕೆಯನ್ನು ಅಷ್ಟು ಶ್ರದ್ಧೆಯಿಂದ ಹಿಡಿಯುವ ವಿದೇಶಿಯನ್ನು ಬಡಿಸುವವರು ಬಹಳ ಗೌರವದಿಂದ ಕಾಣುತ್ತಿದ್ದರು.

ಚಕ್ರದ ಚಿಂತೆ ಅಣ್ಣನನ್ನು ಕೊರೆಯುತ್ತಿತ್ತು. ಲಿನ್ ಹೋಟೆಲಿನ ಹಿಂದೆ ಬಾಗಿಲು, ಕುರ್ಚಿ ರಿಪೇರಿ ಮಾಡುವ ಒಬ್ಬ ಮುದುಕ ಬಡಗಿಯ ಹತ್ತಿರ ಕರೆದುಕೊಂಡು ಹೋದಳು. ಅಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಕ್ರ ಬರೆದ. ಮುದುಕ ಅದರ ಸುತ್ತ ಒಂದು ಸುತ್ತು ಬಂದು, ಒಳಗಿನಿಂದ ಹಳೆಯ ಮಂಚದ ಕಾಲೊಂದನ್ನು ತಂದು ಮೂಸಿ ನೋಡಿ ಅಣ್ಣನ ಮೂಗಿಗೂ ಹಿಡಿದ. ಅಣ್ಣ ತಲೆಯಾಡಿಸಿದ. ಎರಡು ದಿನ ಇಬ್ಬರೂ ಎದುರುಬದುರು ಕೂತು ಕೆತ್ತಿದರು. ಅಣ್ಣ ಅರೆಭಾಷೆಯಲ್ಲಿ ಮಾತಾಡುವುದು, ಮುದುಕ ತನ್ನ ಭಾಷೆಯಲ್ಲಿ. ಲಿನ್‌ಗೆ ಕೆಲಸವೇ ಇರಲಿಲ್ಲ. ಆ ಎರಡು ದಿನ ನಾನೂ ಲಿನ್ನೂ ಬಡಗಿಯ ಹೊಸ್ತಿಲಲ್ಲಿ ಕೂತು ಮಾತಾಡಿದೆವು. ಅವಳ ಗಂಡ ದೂರದ ಪ್ರಾಂತ್ಯದಲ್ಲಿ ಅಣೆಕಟ್ಟಿನ ಕೆಲಸದಲ್ಲಿದ್ದ. ಮನೆಯಲ್ಲಿ ಅವಳು, ಅವಳ ತಾಯಿ. ಇಂಗ್ಲಿಷ್ ಕಲಿಸಿದವರು ಮಿಷನ್ ಶಾಲೆಯವರು. ಅದನ್ನು ಹೇಳುವಾಗ ಅವಳು ಸುತ್ತ ಒಮ್ಮೆ ನೋಡಿದಳು. ಇಡೀ ಪ್ರವಾಸದಲ್ಲಿ ನಾನು ನೆಮ್ಮದಿಯಾಗಿದ್ದದ್ದು ಆ ಎರಡೇ ದಿನ.

ಚಕ್ರ ಮುಗಿದ ದಿನ ನಮ್ಮ ಗೌರವಕ್ಕೆ ಔತಣ. ವ್ಯಾಪಾರ ಕಚೇರಿಯ ನಿರ್ದೇಶಕರು ಎದ್ದು ಮಾತಾಡಿದರು. ಈ ವರ್ಷ ಬೆಳೆ ಎಷ್ಟು ಬಂದಿದೆ ಎಂದರೆ ಧಾನ್ಯ ತುಂಬಲು ಜಾಗವಿಲ್ಲ, ಉಣ್ಣುವವರು ಸಾಲುತ್ತಿಲ್ಲ ಎಂದರು. ಲಿನ್ ಅದನ್ನು ಒಂದೇ ದನಿಯಲ್ಲಿ ಅನುವಾದಿಸಿದಳು. ಒಂದಾದ ಮೇಲೊಂದು ತಟ್ಟೆ ಬಂತು. ನಾನು ಅವಳ ಪಕ್ಕದಲ್ಲಿದ್ದೆ. ಎಲ್ಲರೂ ಲೋಟ ಎತ್ತಿ ನಿಂತಾಗ ಅವಳ ಬಲಗೈಯಲ್ಲಿ ಲೋಟ, ಎಡಗೈ ಮೇಜಿನ ಅಂಚಿಗೆ. ಒಂದು ಆವಿಯ ಕಡುಬು ಅವಳ ಅಂಗಿಯ ತೋಳಿನೊಳಗೆ ಹೋಯಿತು. ಕೂತ ಮೇಲೆ ಇನ್ನೊಂದು. ಬಿಸಿ ಇದ್ದಿರಬೇಕು, ಅವಳ ಮುಖ ಮಾತ್ರ ಅಲುಗಲಿಲ್ಲ.

ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ಅಂದು ಅವಳು ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಗದ್ದೆಯ ಮೇಲೆ

ಊರಿನಿಂದ ಎರಡು ಗಂಟೆ ದಾರಿ, ವಿಮಾನದ ಬಯಲು. ಒಂದರ ಮೇಲೊಂದು ರೆಕ್ಕೆಯ, ಗಟ್ಟಿಮುಟ್ಟಾದ ವಿಮಾನ ನಿಂತಿತ್ತು. ಹೋ ಎಂಬ ಹಿರಿಯ ಎಂಜಿನಿಯರ್ ತಾವೇ ತೋಳು ಮಡಚಿ ಅಣ್ಣನೊಡನೆ ಕೆಳಗೆ ಮಲಗಿ ಕೊಳವೆ ಜೋಡಿಸಿದರು. ಮದ್ದಿನ ಬದಲು ಕೆಂಪು ಬಣ್ಣದ ನೀರು. ವಿಮಾನ ಏರಿತು, ತಿರುಗಿತು, ಗದ್ದೆಗಳ ಮೇಲೆ ತಗ್ಗಿ ಬಂತು. ಮಂಚದ ಕಾಲಿನ ಚಕ್ರ ತಿರುಗಿತು. ಎಲ್ಲಿಯೂ ಹರಿಯದೆ, ಕಡಿಯದೆ, ತೆಳ್ಳನೆಯ ಕೆಂಪು ಪರದೆಯ ಹಾಗೆ ನೀರು ಇಳಿಯಿತು. ಶ್ರೀಮಂಗಲದಲ್ಲಿ ಮರದ ತಲೆಯ ಮೇಲೆ ನಿಂತುಹೋದದ್ದು ಇಲ್ಲಿ ಬುಡದ ತನಕ ಇಳಿಯಿತು. ಹೋ ಅವರು ಅಣ್ಣನ ಎರಡೂ ಕೈ ಹಿಡಿದು ಅಲುಗಾಡಿಸಿದರು. ನಾಡಿದ್ದು ಸಹಿ ಹಾಕೋಣ ಎಂದು ನಿರ್ದೇಶಕರೇ ಹೇಳಿದರು. ಶಾಮರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಣ್ಣ ಮಾತ್ರ ಗದ್ದೆಯ ಬದುವಿಗೆ ಇಳಿದಿದ್ದ. ನೀರು ಎಲೆಗೆ ಹೇಗೆ ಹತ್ತಿದೆ ನೋಡಲು ಹೋದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾನು ಹೋದೆ. ಪೈರನ್ನು ಎಷ್ಟು ಒತ್ತಾಗಿ ನೆಟ್ಟಿದ್ದರೆಂದರೆ ನಡುವೆ ಬೆರಳು ಹೋಗುವಂತಿರಲಿಲ್ಲ. ಮೇಲೆ ಹಸಿರು, ಕೆಳಗೆ ಬುಡವೆಲ್ಲ ಕೊಳೆತು ವಾಸನೆ. ಅಣ್ಣ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದ. ಎಲ್ಲವೂ ಹಾರಿಹೋಯಿತು.

"ಈ ಗದ್ದೆಲಿ ಕಾಳ್ ಇಲ್ಲೆ ದೇವಕಿ. ಬರೀ ಜಳ್ಳ್."

"ಅಣ್ಣ, ಈಗ ಬೊತ್ತು. ಸುಮ್ನೆ ಬಾ" ಎಂದು ತಡೆದೆ.

"ಹೇಂಗೆ ಸುಮ್ನೆ ಇರ್ದು? ಅವ್ರಿಗೆ ಹೇಳೊಕು. ಇದ್ಕೆ ಮದ್ದ್ ಹೊಡ್ದರೆ ಎಂತ ಬಂತು?"

ಅವನು ಎದ್ದು ನೇರ ನಿರ್ದೇಶಕರ ಮುಂದೆ ಹೋಗಿ ನಿಂತ. ತನಗೆ ಗೊತ್ತಿದ್ದ ಸಿಪಾಯಿ ಇಂಗ್ಲಿಷಿನಲ್ಲಿ ಹೇಳಿದ: ನಾನು ಗದ್ದೆ ಮಾಡುವವರ ಮನೆಯವನು, ಇಷ್ಟು ಒತ್ತಾಗಿ ನೆಟ್ಟರೆ ಪೈರಿಗೆ ಉಸಿರಾಡಲು ಆಗುವುದಿಲ್ಲ, ಇಂಥ ಗದ್ದೆಯಲ್ಲಿ ಜನಕ್ಕೆ ಅನ್ನ ಹುಟ್ಟುವುದಿಲ್ಲ, ನನ್ನ ಯಂತ್ರ ಇದನ್ನು ಉಳಿಸಲಾರದು. ಹೇಳಿ ಲಿನ್ ಕಡೆ ತಿರುಗಿದ. ಅವಳು ಒಂದು ಕ್ಷಣ ಗದ್ದೆ ನೋಡಿದಳು, ಆಮೇಲೆ ತಡವರಿಸದೆ ಒಂದು ಸಣ್ಣ ವಾಕ್ಯ ಹೇಳಿದಳು. ನಿರ್ದೇಶಕರು ನಕ್ಕರು. ಅವರ ಹಿಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹೋ ಅವರೊಬ್ಬರು ತಟ್ಟಲಿಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿತ್ತು ಎಂದು ಆಮೇಲೆ ನನಗನ್ನಿಸಿದೆ.

ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂತೆ.

"ನೀವು ಏನು ಹೇಳಿದಿರಿ?"

"'ನಾನು ರೈತರ ಮನೆಯವನು, ಇಂಥ ಗದ್ದೆಯನ್ನು ನನ್ನ ಊರಿನಲ್ಲಿ ಎಂದೂ ಕಂಡಿಲ್ಲ' ಎಂದು ನಿಮ್ಮ ಅಣ್ಣ ಹೇಳಿದರು ಎಂದೆ." ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಸುಳ್ಳಲ್ಲ, ಅಲ್ಲವೇ?"

ಆಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ, ತಾಯಿಯ ಕಾಲು ಊದಿಕೊಂಡಿದೆ ಎಂದಳು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತದಂತೆ. ಏನು ಕಾಯಿಲೆ ಎಂದು ಕೇಳಬೇಕಾಗಿರಲಿಲ್ಲ, ಹಸಿದವರ ಕಾಲು ಹಾಗೆ ಊದುತ್ತದೆ.

ಡಬ್ಬ

ಮರುದಿನ ಮಧ್ಯಾಹ್ನ ಲಿನ್ ಸಹಿಯ ಕಾಗದಗಳನ್ನು ಓದಿಸಲು ನನ್ನ ಕೋಣೆಗೆ ಬಂದಳು. ಕೆಲಸ ಮುಗಿದ ಮೇಲೆ ನಾನು ಅತ್ತಿಗೆಯ ಡಬ್ಬ ತೆಗೆದು ಅವಳ ಮುಂದಿಟ್ಟೆ. ಮುಚ್ಚಳ ತೆಗೆದಾಗ ಹುರಿದ ಹಿಟ್ಟಿನ ಪರಿಮಳ ಕೋಣೆ ತುಂಬಿತು. ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬೇಡ. ನಮಗೆ ಎಲ್ಲವೂ ಇದೆ."

"ನಿಮಗಲ್ಲ. ನಿಮ್ಮ ತಾಯಿಗೆ. ಬಿಸಿನೀರಿಗೆ ಹಾಕಿ ಕಲಸಿದರೆ ಸಾಕು. ನಮ್ಮ ಕಡೆ ಒಬ್ಬರ ಮನೆಯಿಂದ ಹೊರಡುವಾಗ ಕೈಯಲ್ಲಿ ಏನಾದರೂ ಕೊಟ್ಟೇ ಕಳಿಸುವುದು."

"ಇದು ನಿಮ್ಮ ಮನೆಯಲ್ಲ" ಎಂದಳು. ಅವಳ ಕಣ್ಣು ಡಬ್ಬದ ಮೇಲೇ ಇತ್ತು.

ನಾನು ಒತ್ತಾಯ ಮಾಡಿದೆ. ಒಬ್ಬರು ಎರಡು ಸಲ ಬೇಡ ಎಂದರೆ ಮೂರನೆಯ ಸಲ ಬಡಿಸಬೇಕು ಎಂದು ಕಲಿತು ಬಂದವಳು ನಾನು. ಬೇಡ ಎನ್ನುವ ಮಾತಿಗೆ ಬೇಡ ಎಂದೇ ಅರ್ಥವಿರಬಹುದು ಎಂದು ಹೊಳೆಯಲಿಲ್ಲ. ಕೊನೆಗೆ ಅವಳು ಡಬ್ಬವನ್ನು ಚೀಲದಲ್ಲಿಟ್ಟು, ಮೇಲೆ ಕಾಗದಗಳನ್ನು ಹೊದಿಸಿದಳು. ಬಾಗಿಲ ಬಳಿ ನನ್ನ ಮೊಣಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಹೊರಗೆ ಪ್ರತಿ ಅಂತಸ್ತಿಗೂ ಒಬ್ಬರಂತೆ ಕೂತಿರುವ ಸೇವಕಿ ಫ್ಲಾಸ್ಕು ತೊಳೆಯುತ್ತಿದ್ದಳು. ನಾನು ಅವಳಿಗೂ ನಕ್ಕು ಕೈಮುಗಿದೆ.

ಸಹಿಯ ದಿನ ಬೆಳಿಗ್ಗೆ ಬಂದ ದುಭಾಷಿ ಬೇರೆ, ದಪ್ಪ ಕನ್ನಡಕದ ಒಬ್ಬ ಗಂಡಸು. "ಲಿನ್ ಅವರಿಗೆ ಮೈ ಸರಿಯಿಲ್ಲ" ಎಂದ. ಕಚೇರಿಯಲ್ಲಿ ನಿರ್ದೇಶಕರು ಇರಲಿಲ್ಲ, ಹೋ ಅವರೂ ಇರಲಿಲ್ಲ. ನಾವು ಎಂದೂ ನೋಡದ ಅಧಿಕಾರಿಯೊಬ್ಬರು ಚಹ ತರಿಸಿ, ಹಿಮಾಲಯದ ಗಡಿಯಲ್ಲಿ ನಿಮ್ಮವರು ನಮ್ಮವರ ಮೇಲೆ ಗುಂಡು ಹಾರಿಸಿದ್ದಾರೆ, ಇಂಥ ಹೊತ್ತಿನಲ್ಲಿ ಸಹಿ ಸೂಕ್ತವಲ್ಲ ಎಂದರು. ಹಾಂಕಾಂಗಿಗೆ ಬಂದು ಪತ್ರಿಕೆ ಓದಿದಾಗ, ಹಾರಿಸಿದವರು ಅವರು, ಸತ್ತವರು ನಮ್ಮವರು ಎಂದಿತ್ತು. ಆ ಕೋಣೆಯಲ್ಲಿ ನಮಗೆ ಏನೂ ಗೊತ್ತಿರಲಿಲ್ಲ. ಅಣ್ಣ ಚಹದ ಲೋಟವನ್ನೇ ನೋಡುತ್ತಿದ್ದ. ಒಂದೂವರೆ ವರ್ಷದ ಕಾಗದ, ಆರು ವರ್ಷದ ಯಂತ್ರ, ಎಲ್ಲವೂ ಮುಗಿಯಲು ಒಂದು ಲೋಟ ಚಹ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ನಾವು ಎದ್ದು ಹೊರಡುವ ಹೊತ್ತಿಗೆ ಅಧಿಕಾರಿ ಮೇಜಿನ ಕೆಳಗಿನಿಂದ ನಮ್ಮ ಡಬ್ಬ ತೆಗೆದು ನನ್ನ ಮುಂದಿಟ್ಟರು. ಹೊಸ ದುಭಾಷಿ ಹೇಳಿದ: "ಇದನ್ನು ನೀವು ಮರೆತಿದ್ದಿರಿ. ನಮ್ಮ ಜನಕ್ಕೆ ಯಾವ ಕೊರತೆಯೂ ಇಲ್ಲ."

ನಾನು ಯೋಚಿಸದೆ ಸುಳ್ಳು ಹೇಳಿದೆ. "ಲಿನ್‌ಗೆ ಗೊತ್ತಿರಲಿಲ್ಲ. ಅವರು ಕಾಗದ ಓದುವಾಗ ನಾನೇ ಅವರ ಚೀಲದಲ್ಲಿಟ್ಟೆ."

ದುಭಾಷಿ ಅದನ್ನು ಹೇಳಿದ. ಅಧಿಕಾರಿ ಬೇಸರವಿಲ್ಲದೆ, ಬಹಳ ಮರ್ಯಾದೆಯಿಂದ ಉತ್ತರಿಸಿದರು.

"ತಾನೇ ನಿಮ್ಮ ಹತ್ತಿರ ಬೇಡಿದೆ ಎಂದು ಅವರು ಹೇಳಿದ್ದಾರೆ. ನೀವು ಅತಿಥಿ, ನಿಮ್ಮ ತಪ್ಪೇನೂ ಇಲ್ಲ ಎಂದೂ ಹೇಳಿದ್ದಾರೆ."

ನಾನು ಅವಳನ್ನು ನೋಡಬೇಕು ಎಂದೆ. ಅವರಿಗೆ ವಿಶ್ರಾಂತಿ ಬೇಕು ಎಂದರು. ಮತ್ತೆ ಕೇಳಿದೆ. ಅದೇ ಉತ್ತರ. ಮೂರನೆಯ ಸಲ ಕೇಳಲು ಬಾಯಿ ತೆರೆದಾಗ ಶಾಮರಾಯರು ನನ್ನ ಭುಜ ಮುಟ್ಟಿದರು. "ಬೇಡಮ್ಮ. ನೀನು ಕೇಳಿದಷ್ಟೂ ಆಕೆಗೇ ಕಷ್ಟ."

ಮತ್ತೆ ಸೇತುವೆ

ಮರುದಿನವೇ ಹೊರಡಿಸಿದರು. ಯಂತ್ರ ವಿಮಾನದಲ್ಲೇ ಉಳಿಯಿತು. ಬಿಚ್ಚಿಸಿ ತರಲು ಯಾರನ್ನು ಕೇಳಬೇಕೆಂದು ಗೊತ್ತಾಗಲಿಲ್ಲ, ಅಣ್ಣನೂ ಕೇಳಲಿಲ್ಲ. ಹೊರಡುವ ಮುಂಚೆ ಅವನು ಬಡಗಿಯ ಹತ್ತಿರ ಹೋದ. ಮುದುಕ ಇದ್ದ, ಆದರೆ ಬಾಗಿದ ತಲೆಯನ್ನು ಎತ್ತಲಿಲ್ಲ. ಅಣ್ಣ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು ಬಂದ.

ಸೇತುವೆಯ ನಡುವೆ ನಾನು ಅತ್ತೆ. "ನನ್ನಂದ ಆತ್ ಅಣ್ಣ" ಎಂದೆ. ಪೆಟ್ಟಿಗೆಯ ಚೀಟಿಯಿಂದ ಹಿಡಿದು ಡಬ್ಬದ ತನಕ ಎಲ್ಲವೂ ನನ್ನ ಕೈಯಿಂದಲೇ ಆದದ್ದು.

"ನಾ ಗದ್ದೆ ಹತ್ರ ಬಾಯಿ ಬಿಡದಿದ್ದರೆ?" ಎಂದ ಅಣ್ಣ. "ಆ ಮಾತ್ ಯಾರಿಗಾರ್ ಅರ್ಥ ಆಗಿದ್ದರೆ? ಯಾರಂದ ಆತ್‌ ಹೇಳಿ ಹೇಂಗೆ ಗೊತ್ತಾದು?"

ಅವನು ಸಮಾಧಾನ ಹೇಳಲಿಲ್ಲ. ತನಗೆ ತಾನೇ ಕೇಳಿಕೊಂಡ. ಗಡಿಯ ಗುಂಡೋ, ಗದ್ದೆಯ ಮಾತೋ, ನನ್ನ ಹಿಟ್ಟೋ, ಯಾವುದು ಅವಳನ್ನು ಹೊಡೆಯಿತೆಂದು ನಮಗೆ ಇಂದಿಗೂ ಗೊತ್ತಿಲ್ಲ.

ಮಡಿಕೇರಿ

ಊರಿಗೆ ಬಂದ ಮೇಲೆ ಜನ ಗೋಡೆಯ ವಿಷಯ ಕೇಳಿದರು, ರೇಷ್ಮೆಯ ವಿಷಯ ಕೇಳಿದರು. ಅಣ್ಣ ಪಂಪು ರಿಪೇರಿಗೆ ಮರಳಿದ. ಇನ್ನೊಂದು ಯಂತ್ರ ಮಾಡಲಿಲ್ಲ. ವಿಮಾನದ ಸದ್ದು ಕೇಳಿದರೆ ಮುಂಚೆ ಅಂಗಳಕ್ಕೆ ಓಡುತ್ತಿದ್ದವನು ಈಗ ತಲೆ ಎತ್ತುವುದಿಲ್ಲ. ಶಾಮರಾಯರು ಮರುವರ್ಷ ತೀರಿಕೊಂಡರು.

ನಾನು ಲಿನ್‌ಗೆ ಕಾಗದ ಬರೆದೆ. ಮನೆಯ ವಿಳಾಸ ಗೊತ್ತಿಲ್ಲ, ಆ ಕಚೇರಿಯ ವಿಳಾಸಕ್ಕೇ ಬರೆದೆ. ಹವೆ, ಮಳೆ, ಅಣ್ಣನ ಆರೋಗ್ಯ, ಅಷ್ಟೇ. ಅವಳಿಗೆ ತೊಂದರೆಯಾಗುವಂಥದು ಏನೂ ಇರದಂತೆ. ವರ್ಷಕ್ಕೆ ಎರಡು, ಮೂರು. ಉತ್ತರ ಬರಲಿಲ್ಲ. ಆಮೇಲೆ ಚೀನಾದೊಡನೆ ಯುದ್ಧವೇ ಬಂತು. ಕೊಡಗಿನ ಎಷ್ಟೋ ಮನೆಗಳ ಗಂಡಸರು ಆ ಹಿಮಕ್ಕೆ ಹೋದರು. ನಮ್ಮ ಓಣಿಯಲ್ಲೇ ಒಂದು ಮನೆಗೆ ತಂತಿ ಬಂತು.

ಅದೇ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಠಾಣೆಯಿಂದ ಒಬ್ಬ ಪೇದೆ ಬಂದ. ಹಾಸನದ ಕಡೆಯವನು, ಒಳ್ಳೆಯವನು. ಟೋಪಿ ತೆಗೆದು ಜಗುಲಿಯ ಮೇಲೆ ಕೂತು ಅತ್ತಿಗೆ ಕೊಟ್ಟ ಕಾಫಿ ಕುಡಿದ.

"ಏನಿಲ್ಲ ಅಕ್ಕಾ. ಚೀನಾಕ್ಕೆ ನೀವು ಕಾಗ್ದ ಬರೀತಿದ್ರಂತೆ, ಪೋಸ್ಟಾಫೀಸ್ನೋರು ಹೇಳವ್ರೆ. ಆ ಹೆಣ್ಮಗಳು ಯಾರು, ನಿಮ್ಗೆ ಏನಾಗ್ಬೇಕು ಅಂತ ಕೇಳ್ಕೊಂಡ್ ಬಾ ಅಂದ್ರು."

ಅಣ್ಣ ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತಿದ್ದ. ಅತ್ತಿಗೆ ಒಳಗಿನಿಂದ ನೋಡುತ್ತಿದ್ದಳು. ಓಣಿಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಧಾನ ಮಾಡಿದರು. ಗೆಳತಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೆಚ್ಚೆಂದರೆ ಏನಾಗುತ್ತಿತ್ತು? ಠಾಣೆಗೆ ಒಮ್ಮೆ ಹೋಗಿ ಬರಬೇಕಾಗುತ್ತಿತ್ತು. ನಾಲ್ಕು ಜನ ನಾಲ್ಕು ಮಾತಾಡುತ್ತಿದ್ದರು.

"ಯಾರೂ ಅಲ್ಲ" ಎಂದೆ. "ವ್ಯಾಪಾರದ ಕಾಗದ. ಆ ಹೆಂಗಸಿನ ಪರಿಚಯ ನನಗಿಲ್ಲ."

ಅವನು ಅದನ್ನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಬರೆದುಕೊಂಡ. "ಕೆಳಗೆ ಸಹಿ ಹಾಕಿ ಅಕ್ಕಾ" ಎಂದ. ನಾನು ಹಾಕಿದೆ.